ಹಿತ್ತಲ ಕೋಳಿಗಳ ಆರೋಗ್ಯ: ಅಜ್ಜಿಯ ಮದ್ದು ಎಲ್ಲಿಯವರೆಗೆ?

ತನ್ನ ಕೋಳಿ ಕೂಗಿದ್ದರಿಂದಲೇ ಊರಿಗೆ ಬೆಳಗಾಗುತ್ತದೆ ಎಂದು ನಂಬಿದ್ದ ಮುದುಕಿಯ ಕಥೆ ನಮ್ಮ ಕನ್ನಡ ತರಗತಿಯ ಮಕ್ಕಳಿಗೆಲ್ಲ ಗೊತ್ತು. ರೆಂಟನ್‌ನ ನಮ್ಮ ಹಿತ್ತಲಲ್ಲಿ ಕೂಗುವ ಹುಂಜ ಇಲ್ಲ; ಇರುವುದು ಮೂರು ಹೇಂಟೆಗಳು ಮಾತ್ರ. ಹುಂಜದ ಕೂಗು ನೆರೆಯವರ ನಿದ್ದೆ ಕೆಡಿಸುತ್ತದೆಂದು ಈ ಕಡೆಯ ಹಲವು ನಗರಗಳು ಅದಕ್ಕೆ ಅವಕಾಶ ಕೊಡುವುದಿಲ್ಲ. ಪಕ್ಕದ ಸಿಯಾಟಲ್ ನಗರ 2010ರಲ್ಲಿ ಮನೆಗೆ ಎಂಟು ಕೋಳಿಗಳವರೆಗೆ ಸಾಕಬಹುದೆಂದು ನಿಯಮ ಮಾಡಿದಾಗ, ಹೊಸದಾಗಿ ಹುಂಜ ತರುವುದನ್ನು ನಿಷೇಧಿಸಿತು. ನೀವು ಕೋಳಿ ಸಾಕುವ ಯೋಚನೆಯಲ್ಲಿದ್ದರೆ ಮೊದಲು ನಿಮ್ಮ ನಗರದ ನಿಯಮ ಓದಿಕೊಳ್ಳಿ.

ನಾವು ಮೊದಲು ತಂದದ್ದು ನಾಲ್ಕು ಮರಿಗಳನ್ನು. ನಾಲ್ಕು ಮೂರಾದದ್ದು ಹೇಗೆ ಎಂಬುದನ್ನು ಹೇಳುವುದಕ್ಕಾಗಿಯೇ ಈ ಲೇಖನ.

ನಮ್ಮ ತಪ್ಪು

ಮರಿಗಳಿಗೆ ಐದು ವಾರ ತುಂಬಿದಾಗ ಒಂದು ಮರಿ ರೆಕ್ಕೆ ಜೋಲು ಬಿಟ್ಟು ಮೂಲೆಯಲ್ಲಿ ಕುಳಿತಿತು. ನಾವು ಅರಿಶಿನ ಮತ್ತು ಬೆಳ್ಳುಳ್ಳಿ ಅರೆದು ಅನ್ನದಲ್ಲಿ ಕಲಸಿ ಕೊಟ್ಟೆವು. ಎರಡು ದಿನ ಕಾದೆವು. ಮೂರನೆಯ ದಿನ ಹಿಕ್ಕೆಯಲ್ಲಿ ರಕ್ತ ಕಂಡಿತು. ಸಂಜೆಗೆ ಮರಿ ಸತ್ತುಹೋಯಿತು. ಪಶುವೈದ್ಯರು ಇದು ಕಾಕ್ಸಿಡಿಯೋಸಿಸ್, ಅಂದರೆ ನಮ್ಮ ಕಡೆ ರಕ್ತಭೇದಿ ಎನ್ನುವ ರೋಗ ಎಂದರು. ಉಳಿದ ಮೂರು ಮರಿಗಳಿಗೆ ಅವರು ಹೇಳಿದಂತೆ ಕುಡಿಯುವ ನೀರಿನಲ್ಲಿ ಆಂಪ್ರೋಲಿಯಂ ಔಷಧಿ ಕೊಟ್ಟೆವು, ಅವು ಉಳಿದವು.

ಈ ರೋಗ ತರುವುದು ಕರುಳಿನ ಒಳಪದರವನ್ನು ಹಾಳುಮಾಡುವ, ಕಣ್ಣಿಗೆ ಕಾಣದ ಒಂದು ಪರಾವಲಂಬಿ ಜೀವಿ. ಅದು ಹಿಕ್ಕೆಯ ಮೂಲಕ ಹೊರಬಂದು, ಒದ್ದೆ ನೆಲದಲ್ಲಿ ಬಲಿತು, ಮತ್ತೊಂದು ಮರಿಯ ಹೊಟ್ಟೆ ಸೇರುತ್ತದೆ. ಬೆಳೆಯಲು ಅದಕ್ಕೆ ಬಿ1 ಜೀವಸತ್ವ ಬೇಕು. ಆಂಪ್ರೋಲಿಯಂ ಬಿ1ನ ವೇಷ ಹಾಕಿಕೊಂಡು ಹೋಗಿ ಅದನ್ನು ಉಪವಾಸ ಕೆಡವುತ್ತದೆ. ಅರಿಶಿನಕ್ಕೆ ಈ ಕೆಲಸ ಮಾಡಲಾಗದು.

ಅಜ್ಜಿಯ ಉತ್ತರ

ನಮ್ಮ ಮಗಳು ತುಮಕೂರು ಕಡೆಯ ಹಳ್ಳಿಯಲ್ಲಿರುವ ಅಜ್ಜಿಗೆ ಫೋನ್ ಮಾಡಿ, "ಅಜ್ಜಿ, ನಿಮ್ಮ ಔಷಧಿ ಸುಳ್ಳಾ?" ಎಂದು ಅಳುತ್ತಾ ಕೇಳಿದಳು. ಅಜ್ಜಿ ಬೇಸರಪಟ್ಟುಕೊಳ್ಳಲಿಲ್ಲ. "ಅರಿಶಿನ ನಾವೂ ಹಾಕ್ತಿದ್ವಿ ಪುಟ್ಟಿ. ಆದ್ರೆ ಅದಕ್ಕೂ ಮುಂಚೆ ಜೋಲು ಬಿದ್ದ ಕೋಳೀನ ಬೇರೆ ಕುಕ್ಕೆ ಕೆಳಗೆ ಹಾಕ್ತಿದ್ವಿ. ಗೂಡು ಗುಡಿಸಿ ಬೂದಿ ಎರಚ್ತಿದ್ವಿ. ಕೊಕ್ಕರೆ ರೋಗ ಬಂದ್ರೆ ಬೀದಿ ಕೋಳಿಯೆಲ್ಲ ಖಾಲಿ ಆಗ್ತಿತ್ತು. ಅದಕ್ಕೇ ದನದ ಡಾಕ್ಟ್ರು ಬಂದಾಗ ಲಸಿಕೆ ಹಾಕಿಸ್ತಿದ್ವಿ" ಎಂದರು.

ಕೊಕ್ಕರೆ ರೋಗ ವೈರಸ್‌ನಿಂದ ಬರುವುದು. 1920ರ ದಶಕದಲ್ಲಿ ಹಿಮಾಲಯದ ರಾಣಿಖೇತ್‌ನಲ್ಲಿ ಇದನ್ನು ಗುರುತಿಸಿದ್ದರಿಂದ ಭಾರತದಲ್ಲಿ ರಾಣಿಖೇತ್ ರೋಗ ಎಂದೂ, ಇಂಗ್ಲೆಂಡಿನಲ್ಲಿ ಅದೇ ದಶಕದಲ್ಲಿ ಕಂಡುಬಂದ ಊರಿನಿಂದಾಗಿ ಇಲ್ಲಿ ನ್ಯೂಕ್ಯಾಸಲ್ ರೋಗ ಎಂದೂ ಹೆಸರು. ಬಂದ ಮೇಲೆ ಮದ್ದಿಲ್ಲ. ಬರದಂತೆ ತಡೆಯಲು ಲಸಿಕೆಯಿದೆ.

ಅಜ್ಜಿಯ ಮಾತಿನಿಂದ ನಮಗೆ ತಿಳಿದದ್ದು ಇಷ್ಟು. ನಾವು ಊರಿನಿಂದ ನೆನಪಿಟ್ಟುಕೊಂಡು ತಂದದ್ದು ಅರಿಶಿನವನ್ನು ಮಾತ್ರ. ಕುಕ್ಕೆ, ಪೊರಕೆ, ಬೂದಿ, ಲಸಿಕೆ ಇವನ್ನೆಲ್ಲ ಮರೆತಿದ್ದೆವು.

ಮನೆಯಲ್ಲೇ ಮಾಡಬಹುದಾದ ಆರೈಕೆ

1. ಒಣ ಗೂಡು: ರೆಂಟನ್‌ನಲ್ಲಿ ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ ಮಳೆ ಬಿಡುವುದು ಕಡಿಮೆ. ಕೋಳಿಗೆ ಗರಿಯ ಹೊದಿಕೆ ಇರುವುದರಿಂದ ಇಲ್ಲಿನ ಚಳಿಯನ್ನು ತಡೆಯುತ್ತದೆ, ತೇವವನ್ನು ತಡೆಯುವುದಿಲ್ಲ. ಗೂಡಿನೊಳಗೆ ಒಂದು ಕೋಳಿಗೆ 4 ಚದರ ಅಡಿ, ಹೊರಗೆ 10 ಚದರ ಅಡಿ ಜಾಗ ಬೇಕು. ಮರದ ಹೊಟ್ಟು ಒದ್ದೆಯಾದ ದಿನವೇ ತೆಗೆಯಿರಿ. ಗೂಡಿನ ಮೇಲ್ಭಾಗದಲ್ಲಿ ಗಾಳಿಕಿಂಡಿ ಇರಲಿ. ಬಾಗಿಲು ತೆರೆದಾಗ ಮೂಗಿಗೆ ಅಮೋನಿಯಾ ವಾಸನೆ ಹೊಡೆದರೆ, ರಾತ್ರಿಯಿಡೀ ಅದನ್ನೇ ಉಸಿರಾಡಿದ ಕೋಳಿಯ ಪಾಡನ್ನು ಯೋಚಿಸಿ.

2. ಬೂದಿ ಸ್ನಾನ: ಹಳ್ಳಿಯಲ್ಲಿ ಕೋಳಿಗಳು ಒಲೆಬೂದಿಯ ಗುಡ್ಡೆಯಲ್ಲಿ ಹೊರಳಾಡುವುದನ್ನು ನೋಡಿದ್ದೀರಿ. ಗರಿಯ ನಡುವೆ ಸೇರುವ ಹೇನು, ನುಸಿಗಳನ್ನು ಅವು ಹೀಗೆ ಕಳೆದುಕೊಳ್ಳುತ್ತವೆ. ಒಂದು ಅಗಲವಾದ ಟಬ್ಬಿನಲ್ಲಿ ಒಣ ಮರಳು, ಮಣ್ಣು, ಸ್ವಲ್ಪ ಸೌದೆ ಬೂದಿ ಬೆರೆಸಿ ಮಳೆ ಬೀಳದ ಕಡೆ ಇಡಿ. ಬಣ್ಣ ಹಚ್ಚಿದ ಅಥವಾ ರಾಸಾಯನಿಕ ಲೇಪಿಸಿದ ಹಲಗೆಯ ಬೂದಿ ಖಂಡಿತ ಬೇಡ. ಅದರಲ್ಲಿ ಸೀಸ, ಆರ್ಸೆನಿಕ್ ಇರಬಹುದು. ಟಕೋಮಾದಲ್ಲಿದ್ದ ತಾಮ್ರ ಕರಗಿಸುವ ಕಾರ್ಖಾನೆಯ ಹೊಗೆಯಿಂದ ದಕ್ಷಿಣ ಕಿಂಗ್ ಕೌಂಟಿಯ ಕೆಲವೆಡೆ ಮಣ್ಣಿನಲ್ಲೂ ಇವೇ ಸೇರಿವೆ. ಕಾರ್ಖಾನೆ 1980ರ ದಶಕದಲ್ಲೇ ಮುಚ್ಚಿದರೂ ಮಣ್ಣು ಮರೆತಿಲ್ಲ. ಕೋಳಿ ಕೆದಕುವ ಮಣ್ಣನ್ನು ಒಮ್ಮೆ ಪರೀಕ್ಷೆ ಮಾಡಿಸುವುದು ಒಳ್ಳೆಯದು.

3. ಮೊಟ್ಟೆಚಿಪ್ಪು: ಚಿಪ್ಪನ್ನು ತೊಳೆದು, ಒಲೆಯಲ್ಲಿ ಒಣಗಿಸಿ, ಪುಡಿಮಾಡಿ ಬೇರೆ ಬಟ್ಟಲಲ್ಲಿಡಿ. ಬೇಕಾದಷ್ಟನ್ನು ಕೋಳಿಯೇ ತಿನ್ನುತ್ತದೆ. ಕ್ಯಾಲ್ಸಿಯಂ ಸಾಲದೆ ಹೋದರೆ ಮೊಟ್ಟೆಯ ಚಿಪ್ಪು ತೆಳುವಾಗುತ್ತದೆ. ಕೋಳಿ ತನ್ನ ಮೂಳೆಯಿಂದಲೇ ಅದನ್ನು ತೆಗೆದುಕೊಳ್ಳುತ್ತದೆ.

4. ಸೊಪ್ಪು, ಕಾಳು: ಮೊಟ್ಟೆ ಇಡುವ ಕೋಳಿಗೆ ಅಂಗಡಿಯ ಲೇಯರ್ ಫೀಡ್ ಮುಖ್ಯ ಊಟ. ಸೊಪ್ಪು, ತರಕಾರಿ ಸಿಪ್ಪೆ, ಅನ್ನ ಎಲ್ಲ ಸೇರಿ ಹತ್ತರಲ್ಲಿ ಒಂದು ಪಾಲು ಮೀರಬಾರದು. ಬೆಣ್ಣೆಹಣ್ಣು, ಚಾಕೊಲೇಟ್, ಬೇಯಿಸದ ಹುರುಳಿಕಾಯಿ ಬೀಜ, ಬೂಷ್ಟು ಹಿಡಿದ ಬ್ರೆಡ್, ಉಪ್ಪಿನಕಾಯಿ ಇವು ಬೇಡವೇ ಬೇಡ. ಮಕ್ಕಳಿಗೊಂದು ತಮಾಷೆಯ ವಿಷಯ: ಹಕ್ಕಿಗಳಿಗೆ ಮೆಣಸಿನಕಾಯಿಯ ಖಾರ ತಿಳಿಯುವುದಿಲ್ಲ!

5. ಅರಿಶಿನ, ಬೆಳ್ಳುಳ್ಳಿ: ಚಿಟಿಕೆಯಷ್ಟು ಕೊಟ್ಟರೆ ತೊಂದರೆಯಿಲ್ಲ. ಆದರೆ ಅದು ಊಟದ ಜೊತೆಗಿನ ಒಗ್ಗರಣೆ ಎಂದುಕೊಳ್ಳಿ, ಚಿಕಿತ್ಸೆ ಎಂದಲ್ಲ. ಕೆಲವರು ನೀರಿಗೆ ಸೇಬಿನ ವಿನೆಗರ್ ಹಾಕುತ್ತಾರೆ. ಸತು ಲೇಪಿಸಿದ ಪಾತ್ರೆಯಲ್ಲಿ ಮಾತ್ರ ಹಾಕಬೇಡಿ, ಹುಳಿಗೆ ಸತು ಕರಗುತ್ತದೆ.

6. ಗಾಯ: ಉಗುರು ಬೆಚ್ಚಗಿನ ಉಪ್ಪುನೀರಿನಿಂದ ತೊಳೆದು ಕೋಳಿಯನ್ನು ಬೇರೆ ಇಡಿ. ಕೆಂಪು ಕಂಡರೆ ಉಳಿದ ಕೋಳಿಗಳು ಕುಕ್ಕಿ ಕುಕ್ಕಿ ಗಾಯ ದೊಡ್ಡದು ಮಾಡುತ್ತವೆ.

ಚಳಿಗಾಲದಲ್ಲಿ ಮೊಟ್ಟೆ ನಿಂತರೆ

ಇದು ರೋಗವಲ್ಲ. ಮೊಟ್ಟೆ ಚೆನ್ನಾಗಿ ಇಡಲು ಹೇಂಟೆಗೆ ದಿನಕ್ಕೆ ಸುಮಾರು 14 ಗಂಟೆ ಬೆಳಕು ಬೇಕು. ಡಿಸೆಂಬರ್‌ನಲ್ಲಿ ಬೆಂಗಳೂರಿನ ಹಗಲು 11 ಗಂಟೆಗೂ ಹೆಚ್ಚು. ರೆಂಟನ್‌ನಲ್ಲಿ ಸುಮಾರು ಎಂಟೂವರೆ ಗಂಟೆ ಮಾತ್ರ. ಹಳೆಯ ಗರಿ ಉದುರಿ ಹೊಸದು ಬರುವುದೂ ಈ ಸಮಯಕ್ಕೇ. ಕೋಳಿಗೆ ಇದು ರಜೆ. ಕಾಯಿಸುವ ದೀಪ ಹಾಕಿ ಗೂಡಿಗೆ ಬೆಂಕಿ ತಗುಲಿಸಿಕೊಳ್ಳಬೇಡಿ. ಹಗಲು ಬೆಳೆದಂತೆ ಮೊಟ್ಟೆ ತಾನಾಗಿಯೇ ಬರುತ್ತದೆ.

ಮನೆಮದ್ದು ನಿಲ್ಲಿಸಬೇಕಾದ ಗಳಿಗೆ

ಹಿಕ್ಕೆಯಲ್ಲಿ ರಕ್ತ, ಬಾಯಿ ತೆರೆದು ಉಸಿರಾಟ, ಕತ್ತು ತಿರುಚುವುದು, ಕಾಲು ಸ್ವಾಧೀನ ತಪ್ಪುವುದು, ಜುಟ್ಟು ನೀಲಿಗಟ್ಟುವುದು, ಒಂದು ದಿನ ಪೂರ್ತಿ ಏನೂ ತಿನ್ನದಿರುವುದು: ಇವುಗಳಲ್ಲಿ ಯಾವುದು ಕಂಡರೂ ಅಂದೇ ಪಶುವೈದ್ಯರಿಗೆ ಕರೆ ಮಾಡಿ.

ಹಲವು ಕೋಳಿಗಳು ಒಮ್ಮೆಗೇ ಸತ್ತರೆ ಹಕ್ಕಿಜ್ವರದ ಸಂಶಯ. 2022ರ ಮೇ ತಿಂಗಳಲ್ಲಿ ನಮ್ಮ ವಾಷಿಂಗ್ಟನ್ ರಾಜ್ಯದ ಪೆಸಿಫಿಕ್ ಕೌಂಟಿಯಲ್ಲಿ, ಮನೆಯಲ್ಲಿ ಸಾಕಿದ ಒಂದು ಹಿಂಡಿನಲ್ಲಿ ಇದು ಪತ್ತೆಯಾಯಿತು. ಸತ್ತ ಹಕ್ಕಿಗಳನ್ನು ಬರಿಗೈಯಲ್ಲಿ ಮುಟ್ಟದೆ ರಾಜ್ಯದ ಕೃಷಿ ಇಲಾಖೆಗೆ ತಿಳಿಸಬೇಕು. ಕಾಡು ಬಾತು, ಹೆಬ್ಬಾತುಗಳು ಈ ವೈರಸ್ ಹೊತ್ತು ತರುತ್ತವೆ. ಜೀನ್ ಕೂಲನ್ ಪಾರ್ಕಿನ ಕೆರೆದಂಡೆಯಲ್ಲಿ ಹೆಬ್ಬಾತುಗಳ ನಡುವೆ ಓಡಾಡಿದ ಬೂಟಿನಲ್ಲೇ ಗೂಡಿಗೆ ಹೋಗಬೇಡಿ. ಗೂಡಿಗೆಂದೇ ಒಂದು ಜೊತೆ ಬೂಟು ಇಟ್ಟುಕೊಳ್ಳಿ.

ಮಕ್ಕಳೇ, ನೀವು ಮಾಡಬಹುದಾದ ಕೆಲಸವೂ ಇದೆ. ದಿನಾ ಬೆಳಿಗ್ಗೆ ನೀರು ಬದಲಾಯಿಸಿ, ಎಲ್ಲ ಕೋಳಿಗಳೂ ಕಾಳಿಗೆ ಓಡಿಬಂದವೇ ಎಂದು ಎಣಿಸಿ. ಹಿಂದೆ ಉಳಿದ ಕೋಳಿಯೇ ಕಾಯಿಲೆಯ ಕೋಳಿ. ಕೋಳಿಗೆ ಮುತ್ತು ಕೊಡಬೇಡಿ, ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯಿರಿ. ಆರೋಗ್ಯವಾಗಿ ಕಾಣುವ ಕೋಳಿಯಲ್ಲೂ ಸಾಲ್ಮೊನೆಲ್ಲಾ ಇರಬಹುದು. ಐದು ವರ್ಷದೊಳಗಿನ ತಮ್ಮ ತಂಗಿಯರು ದೂರದಿಂದ ನೋಡಿದರೆ ಸಾಕು.

ಈಗ ನಮ್ಮ ಗೂಡಿನ ಪಕ್ಕದಲ್ಲಿ ಒಂದು ಖಾಲಿ ಪಂಜರ ಸದಾ ಸಿದ್ಧವಿರುತ್ತದೆ. ನಮ್ಮ ಮಗಳು ಅದಕ್ಕೆ "ಅಜ್ಜಿಯ ಕುಕ್ಕೆ" ಎಂದು ಹೆಸರಿಟ್ಟಿದ್ದಾಳೆ. ಕೋಳಿ ಸಾಕುವ ಪ್ರತಿ ಮನೆಯಲ್ಲೂ ಅಂಥದ್ದೊಂದು ಇರಲಿ, ಅದು ಖಾಲಿಯಾಗಿಯೇ ಇರಲಿ ಎಂಬುದೇ ನಮ್ಮ ಹಾರೈಕೆ.