ಗಾಡಿಯ ಮುಂದಿನ ಗಾಜು ಸೀಳಿದರೆ

ಒಕ್ಕಲುತನಕ್ಕೆ ಮೊದಲು ಎತ್ತು-ಬಂಡಿ ಹೇಗೋ ಹಾಗೆ ಈಗ ಪಿಕಪ್ ಗಾಡಿಯೂ ಬೇಕೇ ಬೇಕೆಂಬಂತಾಗಿದೆ. ಅಕ್ಕಲಕೋಟೆ, ಜತ್ತ, ದಕ್ಷಿಣ ಸೋಲಾಪುರದ ಕಡೆಯ ನಮ್ಮ ಹಳ್ಳಿಗಳ ಉಳ್ಳಾಗಡ್ಡಿ, ದಾಳಿಂಬೆಗಳು ರಾತ್ರಿಯೇ ಗಾಡಿ ಹತ್ತಿ ಸೋಲಾಪುರದ ಪೇಟೆಗೆ ಸಾಗುತ್ತವೆ. ಅದೇ ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರು, ಖಡಿ ತುಂಬಿದ ಲಾರಿಗಳೂ ಓಡಾಡುತ್ತವೆ. ಮುಂದಿನ ಗಾಡಿಯ ಗಾಲಿಯಿಂದ ಸಿಡಿದ ಒಂದು ಹರಳು ಸಾಕು, ಗಾಜಿನಲ್ಲಿ ಚಕ್ಕೆ ಎದ್ದು ನಕ್ಷತ್ರದಂಥ ಗುರುತು ಬೀಳುತ್ತದೆ. “ಪೂರ್ತಿ ಒಡೆದಿಲ್ಲವಲ್ಲ, ಸುಗ್ಗಿ ಮುಗಿಯಲಿ, ನೋಡೋಣ” ಎಂದು ಬಿಡುವವರೇ ಹೆಚ್ಚು. ಹಾಗೆ ಬಿಡುವುದು ಏಕೆ ಸಲ್ಲದು, ಗಾಜು ಬದಲಿಸುವಾಗ ಏನನ್ನು ನೋಡಿಕೊಳ್ಳಬೇಕು ಎಂಬುದನ್ನು ರೈತ ಬಂಧುಗಳು ತಿಳಿದಿರುವುದು ಲೇಸು.

ಗಾಜಿನ ಗುಣ

ಗಾಡಿಯ ಮಗ್ಗುಲ ಗಾಜು ಸಾಮಾನ್ಯವಾಗಿ ಒಂದೇ ಪದರಿನದು. ಒಡೆದರೆ ಜೋಳದ ಕಾಳಿನಂತೆ ಚೂರುಚೂರಾಗಿ ಉದುರುತ್ತದೆ. ಮುಂದಿನ ಗಾಜು ಅಂಥದಲ್ಲ. ಎರಡು ಗಾಜಿನ ಹಾಳೆಗಳ ನಡುವೆ ತೆಳುವಾದ ಪ್ಲಾಸ್ಟಿಕ್ ಪದರು ಇಟ್ಟು ಬೆಸೆದುದು. ಪೆಟ್ಟು ಬಿದ್ದರೂ ಚೂರುಗಳು ಆ ಪದರಿಗೆ ಅಂಟಿಕೊಂಡು ನಿಲ್ಲುತ್ತವೆ, ಮುಖಕ್ಕೆ ಸಿಡಿಯುವುದಿಲ್ಲ. ಇಂಥ ಗಾಜಿಗೆ ಫ್ರಾನ್ಸಿನ ರಸಾಯನ ಶಾಸ್ತ್ರಜ್ಞ ಎದುವಾರ್ ಬೆನೆಡಿಕ್ಟಸ್ 1909ರಲ್ಲಿ ಪೇಟೆಂಟು ಪಡೆದನು. ನಮ್ಮ ದೇಶದ 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 100ನೆಯ ನಿಯಮವು ಮುಂದಿನ ಗಾಜಿನ ಮೂಲಕ ನೂರಕ್ಕೆ 70 ಪಾಲಿಗಿಂತ ಕಡಿಮೆಯಿಲ್ಲದೆ ಬೆಳಕು ಹಾಯಬೇಕೆಂದು ಹೇಳುತ್ತದೆ.

ಈ ಗಾಜು ಗಾಳಿ-ಮಳೆ ತಡೆಯುವುದಕ್ಕಷ್ಟೇ ಇರುವುದಲ್ಲ. ಅಂಟು ಹಾಕಿ ಕೂಡಿಸಿದ ಗಾಜು ಗಾಡಿ ಪಲ್ಟಿ ಹೊಡೆದಾಗ ಚಾವಣಿಗೆ ಆಸರೆಯಾಗುತ್ತದೆ. ಏರ್‌ಬ್ಯಾಗ್ ಇರುವ ಅನೇಕ ಗಾಡಿಗಳಲ್ಲಿ ಎಡಗಡೆಯ ಚೀಲ ಉಬ್ಬುವಾಗ ಈ ಗಾಜಿಗೇ ಒರಗಿ ನಿಲ್ಲುತ್ತದೆ. ಗಾಜು ಕಿತ್ತು ಬಂದರೆ ಆ ಚೀಲ ಇದ್ದೂ ಇಲ್ಲದಂತೆ.

ಚಿಕ್ಕ ಚಕ್ಕೆಗೆ ಚಿಕ್ಕ ಮದ್ದು

ಉಗುರಿನಿಂದ ಹೋಗುವುದಕ್ಕೆ ಕೊಡಲಿ ಏಕೆ? ಗುರುತು ಒಂದು ರೂಪಾಯಿಯ ನಾಣ್ಯದಷ್ಟೇ ಇದ್ದು, ಹೊರಗಿನ ಹಾಳೆಗೆ ಮಾತ್ರ ತಗುಲಿದ್ದರೆ, ಅದರೊಳಗೆ ಒಂದು ಬಗೆಯ ರಾಳ ತುಂಬಿ, ನೇರಳಾತೀತ ದೀಪ ಹಿಡಿದು ಗಟ್ಟಿಮಾಡುತ್ತಾರೆ. ಒಂದು ತಾಸಿನೊಳಗಿನ ಕೆಲಸ. ಕಲೆ ತುಸು ಉಳಿಯಬಹುದು, ಆದರೆ ಸೀಳು ಹಬ್ಬುವುದು ನಿಲ್ಲುತ್ತದೆ. ರಿಪೇರಿಗೆ ಒಯ್ಯುವವರೆಗೆ ಅದರ ಮೇಲೆ ಪಾರದರ್ಶಕ ಟೇಪು ಹಚ್ಚಿರಿ. ಧೂಳು, ನೀರು ಒಳಸೇರಿದರೆ ರಾಳ ಹಿಡಿಯುವುದಿಲ್ಲ. ಮನೆಯಲ್ಲಿರುವ ಅಂಟನ್ನು ತುಂಬಬೇಡಿರಿ. ಬಿಸಿಲಲ್ಲಿ ಕಾದ ಗಾಜಿಗೆ ತಣ್ಣೀರು ಸುರಿದರೆ ನಕ್ಷತ್ರವು ಗೆರೆಯಾಗಿ ಓಡುತ್ತದೆ.

ಸೀಳು ಅಂಚನ್ನು ಮುಟ್ಟಿದ್ದರೆ, ಉದ್ದಕ್ಕೆ ಬೆಳೆದಿದ್ದರೆ, ಇಲ್ಲವೆ ಚಾಲಕನ ಕಣ್ಣೆದುರಿಗೇ ಇದ್ದರೆ ಬದಲಿಸುವುದೇ ದಾರಿ. ರಾತ್ರಿ ಎದುರು ಗಾಡಿಯ ದೀಪ ಸೀಳಿನ ಮೇಲೆ ಬಿದ್ದು ಚದುರಿದರೆ, ದಾರಿಯಲ್ಲಿ ನಿಂತ ಬಂಡಿಯೂ ಕಾಣದು.

ಬದಲಿಸುವಾಗ ನೋಡತಕ್ಕದ್ದು

ಗಾಜಿನ ಮೂಲೆಯಲ್ಲಿ ಐ.ಎಸ್.ಐ. ಮುದ್ರೆಯನ್ನೂ, ಐ.ಎಸ್. 2553 ಎಂಬ ಅಂಕಿಯನ್ನೂ ಹುಡುಕಿರಿ. ಗಾಜು ನಿಮ್ಮ ಗಾಡಿಯ ಮಾದರಿಗೇ ಹೊಂದುವುದೇ ಕೇಳಿರಿ. ಕನ್ನಡಿಯ ಹಿಂದೆ ಕ್ಯಾಮೆರಾ ಇರುವ ಹೊಸ ಕಾರುಗಳಲ್ಲಿ, ಅದನ್ನು ಮತ್ತೆ ಸರಿಹೊಂದಿಸಬೇಕಾಗುವುದುಂಟು.

ಹಳೆಯ ಜೀಪುಗಳಲ್ಲಿ ಗಾಜು ರಬ್ಬರಿನ ಪಟ್ಟಿಯಲ್ಲಿ ಕೂಡುತ್ತದೆ. ಒಣಗಿ ಬಿರಿತ ಪಟ್ಟಿಯನ್ನು ಗಾಜಿನೊಡನೆಯೇ ಬದಲಿಸಿರಿ. ಈಚಿನ ಬಹುತೇಕ ಗಾಡಿಗಳಲ್ಲಿ ಪಾಲಿಯುರೇಥೇನ್ ಅಂಟು ಹಾಕುತ್ತಾರೆ. ಬಾಗಿಲ ಸಂದಿಗೆ ಹಚ್ಚುವ ಸಾಧಾರಣ ಸಿಲಿಕೋನ್ ಇದಕ್ಕೆ ನಡೆಯದು. ಗಾಜು ತೆಗೆದ ಮೇಲೆ ಚೌಕಟ್ಟಿನಲ್ಲಿ ತುಕ್ಕು ಕಂಡರೆ ಅದನ್ನು ಕೆರೆದು ಪ್ರೈಮರ್ ಹಚ್ಚಿಯೇ ಮುಂದುವರಿಯಬೇಕು. ತುಕ್ಕಿನ ಮೇಲೆ ಹಾಕಿದ ಅಂಟು ಮರಳಿನ ಮೇಲೆ ಕಟ್ಟಿದ ಗೋಡೆಯಂತೆ.

ಎಲ್ಲಕ್ಕಿಂತ ಮುಖ್ಯವಾದುದು ಅಂಟು ಗಟ್ಟಿಯಾಗುವ ಹೊತ್ತು. ಸಾಮಾನ್ಯವಾಗಿ ಬಳಸುವ ಈ ಅಂಟು ಗಾಳಿಯ ತೇವ ಹೀರಿ ಗಟ್ಟಿಯಾಗುತ್ತದೆ. ನಮ್ಮ ಒಣ ಬೇಸಿಗೆಯಲ್ಲಿ, ಚಳಿಗಾಲದ ಬೆಳಗಿನಲ್ಲಿ ಅದು ನಿಧಾನ. ಎಷ್ಟು ತಾಸಿನ ಮೇಲೆ ಗಾಡಿ ಓಡಿಸಬಹುದೆಂಬುದು ಅಂಟಿನ ಜಾತಿಯನ್ನು ಹೊಂದಿದೆ. ಹಾಕುವವನನ್ನು ಕೇಳಿ ಅಷ್ಟು ಹೊತ್ತು ಕಾಯಲೇಬೇಕು. “ಮಾಲು ತುಂಬಿ ನಿಂತಿದೆ” ಎಂದು ಅವಸರ ಮಾಡಿದರೆ ಗಾಜು ನೋಡಲು ಕೂತಿರುತ್ತದೆ, ಪೆಟ್ಟು ಬಿದ್ದಾಗ ನಿಲ್ಲುವುದಿಲ್ಲ. ಆದುದರಿಂದ ಮರುದಿನ ಪೇಟೆಗೆ ರಜೆಯಿರುವಾಗ ಗಾಡಿ ಬಿಟ್ಟು, ಒಂದು ರಾತ್ರಿ ನಿಲ್ಲಿಸುವುದು ಜಾಣತನ. ಮೊದಲ ಒಂದೆರಡು ದಿನ ಬಾಗಿಲು ಜೋರಾಗಿ ಬಡಿಯಬೇಡಿರಿ, ಮಗ್ಗುಲ ಗಾಜನ್ನು ತುಸು ಇಳಿಸಿಡಿರಿ, ಪಂಪಿನ ನೀರಿನಿಂದ ತೊಳೆಯಬೇಡಿರಿ.

ವಿಮೆ ಮತ್ತು ಟೋಲ್ ಚೀಟಿ

ಥರ್ಡ್ ಪಾರ್ಟಿ ವಿಮೆಯೊಂದೇ ಇದ್ದರೆ ನಿಮ್ಮ ಗಾಜಿಗೆ ಹಣ ಬಾರದು. ಪೂರ್ಣ ವಿಮೆ ಇದ್ದರೆ ಬರುತ್ತದೆ. ಗಾಜಿಗೆ ಸವಕಳಿಯ ಕಡಿತವೂ ಸಾಮಾನ್ಯವಾಗಿ ಇಲ್ಲ. ಆದರೆ ಪಾಲಿಸಿಯಲ್ಲಿ ಬರೆದಷ್ಟು ಮೊತ್ತವನ್ನು ನೀವು ಕೊಡಬೇಕು, ನೋ ಕ್ಲೇಮ್ ಬೋನಸಿಗೂ ಹೊಡೆತ ಬೀಳಬಹುದು. ಎರಡನ್ನೂ ತೂಗಿ ನೋಡಿರಿ. ಗಾಜು ಬಿಚ್ಚುವ ಮೊದಲೇ ಕಂಪನಿಗೆ ತಿಳಿಸಿ, ಒಡೆದ ಗಾಜಿನ ಫೋಟೋ ತೆಗೆದಿಡಿರಿ, ಬಿಲ್ಲು ಕೇಳಿ ಪಡೆಯಿರಿ.

ಹಳೆಯ ಗಾಜಿನೊಡನೆ ಫಾಸ್ಟ್ಯಾಗ್ ಚೀಟಿಯೂ ಹೋಗುತ್ತದೆ. ಕಿತ್ತು ಮತ್ತೆ ಅಂಟಿಸಲು ಬರುವುದಿಲ್ಲ. ಅದನ್ನು ಕೊಟ್ಟ ಬ್ಯಾಂಕಿಗೆ ತಿಳಿಸಿ ಅದೇ ಗಾಡಿಗೆ ಬದಲಿ ಚೀಟಿ ಪಡೆಯಿರಿ. ಇಲ್ಲವಾದರೆ ಟೋಲ್ ನಾಕೆಯಲ್ಲಿ ಹೆಚ್ಚು ಹಣ ತೆರಬೇಕಾದೀತು.

ಒಂದು ಪೇಟೆ ತಪ್ಪಿದರೆ ಮುಂದಿನ ಪೇಟೆ ಇದ್ದೇ ಇದೆ. ಅದೇ ಗಾಡಿಯಲ್ಲಿ ಮನೆಯ ಹೆಂಗಸರು ಮಕ್ಕಳು ಜಾತ್ರೆಗೆ, ದವಾಖಾನೆಗೆ ಹೋಗುತ್ತಾರೆ ಎಂಬುದನ್ನು ನೆನೆದು, ಗಾಜಿನ ಕೆಲಸಕ್ಕೆ ಬೇಕಾದ ಒಂದು ದಿನವನ್ನು ಕೊಡಿರಿ.