ಮೂರು ಬಟ್ಟಲು, ಒಂದೇ ಕಷಾಯ

ರಾತ್ರಿ ರುಬ್ಬಿಟ್ಟ ದೋಸೆಯ ಹಿಟ್ಟು ಬೆಳಗಾಗುವುದರೊಳಗೆ ಉಬ್ಬಿ ಹುಳಿಯಾಗುವುದು ನಮಗೆಲ್ಲ ತಿಳಿದ ವಿಷಯ. ಹಾಲಿಗೆ ಹೆಪ್ಪು ಹಾಕುವಂತೆ ಆ ಹಿಟ್ಟಿಗೆ ನಾವು ಹೊರಗಿನಿಂದ ಏನನ್ನೂ ಹಾಕುವುದಿಲ್ಲ. ಉದ್ದು, ಅಕ್ಕಿಗಳ ಮೇಲೆ ಮೊದಲೇ ನೆಲೆಸಿದ್ದ ಸೂಕ್ಷ್ಮಜೀವಿಗಳು ಆ ಕೆಲಸವನ್ನು ತಾವೇ ಮಾಡಿ ಮುಗಿಸುತ್ತವೆ. ಚಳಿಗಾಲದಲ್ಲಿ ಅವುಗಳ ಕೆಲಸ ಮಂದವಾಗುವುದು. ಬೇಸಗೆಯಲ್ಲಿ ಮಿತಿ ಮೀರುವುದು. ಹವೆಯೂ ಅಡುಗೆಯ ಸಾಮಗ್ರಿಗಳಲ್ಲಿ ಒಂದೆಂಬುದನ್ನು ನಮ್ಮ ಅಜ್ಜಿಯರು ಸೂಕ್ಷ್ಮದರ್ಶಕವಿಲ್ಲದೆಯೇ ಅರಿತಿದ್ದರು.

ಇದೇ ಬಗೆಯಲ್ಲಿ, ಹೊರಗಿನ ಹುದುಗನ್ನು ಸೇರಿಸದೆ ಬಿಯರನ್ನು ತಯಾರಿಸುವ ಹಳೆಯ ಕಾರ್ಖಾನೆಯೊಂದು ಬೆಲ್ಜಿಯಂ ದೇಶದ ರಾಜಧಾನಿ ಬ್ರಸೆಲ್ಸಿನ ಆಂದರ್‌ಲೆಕ್ಟ್ ಭಾಗದಲ್ಲಿದೆ. 1900ರಲ್ಲಿ ಪಾಲ್ ಕಾಂಟಿಯೋನ್ ಎಂಬಾತನು ಅದನ್ನು ಆರಂಭಿಸಿದನು. ಇಂದಿಗೂ ಅದು ಆ ಮನೆತನದವರ ಕೈಯಲ್ಲಿಯೇ ಇದೆ. 1978ರಿಂದ ಅದು ವಸ್ತುಸಂಗ್ರಹಾಲಯವೂ ಹೌದು. ಅಲ್ಲಿ ಸಿದ್ಧವಾಗುವ ಬಿಯರುಗಳಲ್ಲಿ ಲ್ಯಾಂಬಿಕ್, ಗ್ಯೋಜ್, ಕ್ರೀಕ್ ಎಂಬ ಮೂರನ್ನು ಬಟ್ಟಲುಗಳಲ್ಲಿ ಸಾಲಾಗಿಟ್ಟು ಹೋಲಿಸಿದರೆ, ಇವು ಒಂದೇ ಮನೆಯವೆಂದು ನಂಬುವುದು ಕಷ್ಟ. ಆದರೂ ಈ ಮೂರರ ಹುಟ್ಟು ಒಂದೇ ಬಗೆಯ ಕಷಾಯದಿಂದ. ಮೂಲ ಒಂದೇ ಆಗಿದ್ದು ರುಚಿ ಮೂರಾದುದು ಹೇಗೆ? ಮದ್ಯಪಾನದ ಗುಣಗಾನ ನಮ್ಮ ಉದ್ದೇಶವಲ್ಲ. ಈ ಪ್ರಶ್ನೆಯ ಹಿಂದಿರುವ ವಿಜ್ಞಾನವೇ ನಮಗೆ ಮುಖ್ಯ.

ಗಾಳಿಯೇ ಹುದುಗು

ಕಷಾಯದಲ್ಲಿ ಸುಮಾರು ಎರಡು ಪಾಲು ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ, ಒಂದು ಪಾಲು ಮೊಳಕೆ ಬರಿಸದ ಗೋಧಿ. ಇವನ್ನು ನುಚ್ಚು ಮಾಡಿ ಬಿಸಿನೀರಿನಲ್ಲಿ ಕಲಸಿದಾಗ ಮೊಳಕೆಯಲ್ಲಿರುವ ಕಿಣ್ವಗಳು ಪಿಷ್ಟವನ್ನು ಒಡೆದು ಸಕ್ಕರೆಯಾಗಿ ಮಾರ್ಪಡಿಸುವುವು. ಈ ಸಿಹಿನೀರನ್ನು ಹಾಪ್ ಎಂಬ ಬಳ್ಳಿಯ ಹೂಗಳೊಡನೆ ಗಂಟೆಗಟ್ಟಲೆ ಕುದಿಸುತ್ತಾರೆ. ಬೇರೆ ಬಿಯರುಗಳಿಗೆ ಹೂವು ಹೊಸದಾಗಿದ್ದಷ್ಟೂ ಒಳ್ಳೆಯದು. ಇಲ್ಲಿಯಾದರೋ ಎರಡು ಮೂರು ವರ್ಷ ಹಳೆಯ ಹೂವೇ ಬೇಕು. ಹಳತಾದ ಹೂವಿನ ಕಹಿ ಬಹುಮಟ್ಟಿಗೆ ಇಳಿದಿರುತ್ತದೆ. ಆದರೆ ಕೆಲವು ಬ್ಯಾಕ್ಟೀರಿಯಗಳನ್ನು ಹಿಡಿತದಲ್ಲಿಡುವ ಶಕ್ತಿ ಉಳಿದಿರುತ್ತದೆ.

ಕುದಿದ ಕಷಾಯವನ್ನು ಅಟ್ಟದ ಮೇಲಿರುವ, ಹೆಚ್ಚು ಆಳವಿಲ್ಲದ ವಿಶಾಲವಾದ ತಾಮ್ರದ ಹರಿವಾಣಕ್ಕೆ ಹಾಯಿಸಿ ಇಡೀ ರಾತ್ರಿ ತೆರೆದಿಡುತ್ತಾರೆ. ಕಿಂಡಿಗಳಿಂದ ನುಗ್ಗುವ ತಣ್ಣನೆಯ ಗಾಳಿ ಬೆಳಗಿನೊಳಗೆ ಅದನ್ನು ಸುಮಾರು 20 ಡಿಗ್ರಿ ಸೆಂಟಿಗ್ರೇಡಿಗೆ ಇಳಿಸುವುದು. ಆ ಹೊತ್ತಿಗೆ ಗಾಳಿಯಲ್ಲಿಯೂ ಕಟ್ಟಡದಲ್ಲಿಯೂ ಇರುವ ಯೀಸ್ಟ್ ಮತ್ತು ಬ್ಯಾಕ್ಟೀರಿಯಗಳು ಅದರಲ್ಲಿ ಬಿದ್ದಿರುತ್ತವೆ. ಅನಂತರ ಕಷಾಯವು ಮರದ ಪೀಪಾಯಿಗಳನ್ನು ಸೇರುವುದು. ಆ ಮರದ ಸಂದುಗಳಲ್ಲಿಯೂ ಸೂಕ್ಷ್ಮಜೀವಿಗಳು ಮನೆಮಾಡಿರುತ್ತವೆ. ಇಲ್ಲಿನವರು ಜೇಡರ ಬಲೆಗಳನ್ನು ಸಹ ಗುಡಿಸಿ ತೆಗೆಯರು. ಸಿಹಿಗೆ ಮುತ್ತುವ ನೊಣಗಳನ್ನು ಹಿಡಿಯಲು ಜೇಡಕ್ಕಿಂತ ಉತ್ತಮ ಕಾವಲುಗಾರನಿಲ್ಲವೆಂಬುದು ಅವರ ಅನುಭವ.

ಇತರ ಕಾರ್ಖಾನೆಗಳು ಹಿಡಿದ ದಾರಿ ಇದಕ್ಕೆ ತೀರ ವಿರುದ್ಧವಾದುದು. 1883ರಲ್ಲಿ ಕೋಪನ್‌ಹೇಗನ್ ನಗರದ ಕಾರ್ಲ್ಸ್‌ಬರ್ಗ್ ಪ್ರಯೋಗಶಾಲೆಯಲ್ಲಿ ಎಮಿಲ್ ಕ್ರಿಸ್ಟಿಯನ್ ಹ್ಯಾನ್ಸನನು ಒಂದೇ ಒಂದು ಯೀಸ್ಟ್ ಕೋಶದಿಂದ ಶುದ್ಧ ಸಂತತಿಯನ್ನು ಬೆಳೆಸಿ ತೋರಿಸಿದನು. ಅಂದಿನಿಂದ ಎಲ್ಲ ಸೀಸೆಗಳಲ್ಲಿಯೂ ಒಂದೇ ರುಚಿಯ ಬಿಯರನ್ನು ತುಂಬುವುದು ಸಾಧ್ಯವಾಯಿತು. ಬ್ರಸೆಲ್ಸಿನ ಪೀಪಾಯಿಯಲ್ಲಿಯಾದರೋ ಒಬ್ಬ ಆಳಲ್ಲ, ಒಂದು ಮೆರವಣಿಗೆಯೇ ಕೆಲಸಮಾಡುವುದು. ಮೊದಲ ವಾರಗಳಲ್ಲಿ ಕರುಳಿನ ಬ್ಯಾಕ್ಟೀರಿಯಗಳ ಬಂಧುಗಳದೇ ಆಳ್ವಿಕೆ. ಆಮೇಲೆ ಸ್ಯಾಕರೊಮೈಸಿಸ್ ಎಂಬ ಯೀಸ್ಟ್ ತಲೆಯೆತ್ತಿ ಸಕ್ಕರೆಯ ಬಹುಪಾಲನ್ನು ಮದ್ಯಸಾರವಾಗಿಸುತ್ತದೆ. ಕೆಲವು ತಿಂಗಳ ಬಳಿಕ ಪೀಡಿಯೊಕಾಕಸ್ ಬ್ಯಾಕ್ಟೀರಿಯ ಬಂದು, ಮೊಸರಿನಲ್ಲಿರುವ ಲ್ಯಾಕ್ಟಿಕ್ ಆಮ್ಲವನ್ನೇ ಇಲ್ಲಿಯೂ ಉಂಟುಮಾಡುವುದು. ಕೊನೆಗೆ ಬರುವುದು ಬ್ರೆಟನೊಮೈಸಿಸ್ ಎಂಬ ನಿಧಾನಗತಿಯ ಯೀಸ್ಟ್. ಇತರರು ಜೀರ್ಣಿಸಿಕೊಳ್ಳಲಾರದೆ ಬಿಟ್ಟ ದೊಡ್ಡ ಶರ್ಕರ ಅಣುಗಳನ್ನು ಅದು ಒಡೆಯಬಲ್ಲದು. ಇದಕ್ಕೆ 1904ರಲ್ಲಿ ಹೆಸರಿಟ್ಟವನು ಕಾರ್ಲ್ಸ್‌ಬರ್ಗಿನವನೇ ಆದ ಕ್ಲಾಸನ್. ಅನ್ಯ ಕಾರ್ಖಾನೆಗಳಲ್ಲಿ ರೋಗವೆನ್ನಿಸಿಕೊಳ್ಳುವ ಇವೇ ಜೀವಿಗಳು ಇಲ್ಲಿ ಮನೆಯ ಸದಸ್ಯರು.

ಬಟ್ಟಲುಗಳ ಹೋಲಿಕೆ

ಮೊದಲನೆಯ ಬಟ್ಟಲಿನಲ್ಲಿರುವುದು ಪೀಪಾಯಿಯಿಂದ ನೇರವಾಗಿ ತೆಗೆದ ಲ್ಯಾಂಬಿಕ್. ಇದರಲ್ಲಿ ನೊರೆಯೇ ಇಲ್ಲ. ಹುದುಗುವಾಗ ಹುಟ್ಟಿದ ಇಂಗಾಲದ ಡೈಆಕ್ಸೈಡ್ ಪೀಪಾಯಿಯಿಂದ ಹೊರಬಿದ್ದುಹೋಗಿರುವುದೇ ಇದಕ್ಕೆ ಕಾರಣ. ನಾಲಗೆಗೆ ಮೊದಲು ತಟ್ಟುವುದು ಹುಳಿ. ಬಳಿಕ ತೊಗಲನ್ನೋ ಕುದುರೆಯ ಲಾಯವನ್ನೋ ನೆನಪಿಸುವ ಒಂದು ವಾಸನೆ. ಧಾನ್ಯದ ಸಿಪ್ಪೆಯಲ್ಲಿರುವ ಫೆರುಲಿಕ್ ಆಮ್ಲ ಮೊದಲಾದವುಗಳನ್ನು ಬ್ರೆಟನೊಮೈಸಿಸ್ ಮಾರ್ಪಡಿಸಿದಾಗ ಹುಟ್ಟುವ ಫೀನಾಲು ಜಾತಿಯ ವಸ್ತುಗಳ ಗುರುತು ಅದು.

ಎರಡನೆಯದು ಗ್ಯೋಜ್. ಒಂದು, ಎರಡು, ಮೂರು ವರ್ಷ ವಯಸ್ಸಿನ ಲ್ಯಾಂಬಿಕ್‌ಗಳನ್ನು ಬೆರೆಸಿ, ದಪ್ಪ ಸೀಸೆಗಳಲ್ಲಿ ತುಂಬಿ, ಬಿರಡೆಯೊತ್ತಿ ತಿಂಗಳುಗಟ್ಟಲೆ ಇಡುತ್ತಾರೆ. ಹಳೆಯದು ಪರಿಮಳವನ್ನು ಕೊಟ್ಟರೆ ಎಳೆಯದು ಉಳಿದ ಸಕ್ಕರೆಯನ್ನು ಕೊಡುವುದು. ಆ ಸಕ್ಕರೆ ಸೀಸೆಯೊಳಗೆ ಮತ್ತೆ ಹುದುಗಿದಾಗ ಹುಟ್ಟುವ ಅನಿಲಕ್ಕೆ ಹೊರಹೋಗಲು ದಾರಿಯಿಲ್ಲ. ಅದು ದ್ರವದಲ್ಲಿಯೇ ಕರಗುವುದು. ಬಿರಡೆ ತೆಗೆದಾಗ ಉಕ್ಕುವ ನೊರೆ ಇದರಿಂದಲೇ. ಗುಳ್ಳೆಗಳು ಪರಿಮಳವನ್ನು ಮೂಗಿನತ್ತ ಎತ್ತಿ ತರುವುದರಿಂದ ಅದೇ ಹುಳಿ ಇಲ್ಲಿ ಹಗುರವೂ ಚುರುಕೂ ಆಗಿ ತೋರುವುದು.

ಮೂರನೆಯದು ಕ್ರೀಕ್. ಲೀಟರಿಗೆ ಸುಮಾರು 200 ಗ್ರಾಂ ಪ್ರಮಾಣದಲ್ಲಿ ಹುಳಿಚೆರ್ರಿ ಹಣ್ಣುಗಳನ್ನು ಲ್ಯಾಂಬಿಕ್‌ನಲ್ಲಿ ನೆನೆಹಾಕಿ ಇದನ್ನು ಮಾಡುತ್ತಾರೆ. ಬಣ್ಣ ಕಡು ಕೆಂಪು. ದಾಸವಾಳದ ರಸಕ್ಕೆ ನಿಂಬೆಹುಳಿ ಹಿಂಡಿದರೆ ಅದು ಕೆಂಪಾಗುವುದನ್ನು ವಿದ್ಯಾರ್ಥಿಗಳು ಶಾಲೆಯಲ್ಲಿ ಕಂಡಿರಬಹುದು. ಹಣ್ಣಿನ ಸಿಪ್ಪೆಯಲ್ಲಿರುವ ಆಂಥೊಸಯನಿನ್ ವರ್ಣವೂ ಹಾಗೆಯೇ ಆಮ್ಲದಲ್ಲಿ ಕೆಂಪಾಗಿ ನಿಲ್ಲುವುದು. ಬಣ್ಣವನ್ನು ಕಂಡು ಸಿಹಿಯನ್ನು ನಿರೀಕ್ಷಿಸಿದವನಿಗೆ ಮಾತ್ರ ಆಶ್ಚರ್ಯ ಕಾದಿರುತ್ತದೆ. ಹಣ್ಣಿನ ಸಕ್ಕರೆಯನ್ನು ಯೀಸ್ಟುಗಳು ತಿಂದು ಮುಗಿಸಿರುತ್ತವೆ. ಉಳಿದಿರುವುದು ಹುಳಿ, ಹಣ್ಣಿನ ವಾಸನೆ, ಅದರ ಓಟೆಯಿಂದ ಬಂದ ಬಾದಾಮಿಯ ನಸುಗಂಪು.

ನಾಲಗೆಯನ್ನು ನಂಬಬಹುದೆ?

ಮೇಲಿನ ಭೇದಗಳು ಎದ್ದು ಕಾಣುವಂಥವು. ಆದರೆ ಎರಡು ಪೀಪಾಯಿಗಳ ಲ್ಯಾಂಬಿಕ್‌ಗಳಲ್ಲಿ ನಿಜವಾಗಿ ಭೇದವಿದೆಯೆ ಎಂದು ತಿಳಿಯುವುದು ಹೇಗೆ? ಕಣ್ಣು, ಹೆಸರು, ಬೆಲೆ ಇವೆಲ್ಲವೂ ನಾಲಗೆಯ ತೀರ್ಪನ್ನು ತಿರುಗಿಸಬಲ್ಲವು. ಇದಕ್ಕಾಗಿ ತ್ರಿಕೋನ ಪರೀಕ್ಷೆ ಎಂಬ ಸರಳ ಉಪಾಯವಿದೆ. ರುಚಿ ನೋಡುವವನ ಮುಂದೆ ಗುರುತಿಲ್ಲದ ಮೂರು ಬಟ್ಟಲುಗಳನ್ನು ಇಡಬೇಕು. ಎರಡರಲ್ಲಿ ಒಂದೇ ಪಾನೀಯ, ಮೂರನೆಯದರಲ್ಲಿ ಬೇರೆಯದು. ಬಣ್ಣ ತಿಳಿಯದಂತೆ ಬಟ್ಟಲು ಕಪ್ಪಾಗಿರಬೇಕು. ಬೇರೆಯಾದುದು ಯಾವುದೆಂದು ಅವನು ಹೇಳಬೇಕು.

ಬರಿಯ ಊಹೆಯಿಂದ ಹೇಳಿದರೂ ಮೂರರಲ್ಲಿ ಒಂದು ಸಲ ಉತ್ತರ ಸರಿಯಾಗುವುದು. ಆದುದರಿಂದ 12 ಮಂದಿಯಲ್ಲಿ ನಾಲ್ವರು ಸರಿಯಾಗಿ ಹೇಳಿದರೆ ಅದರಿಂದ ಏನೂ ಸಿದ್ಧವಾಗದು. 8 ಅಥವಾ ಹೆಚ್ಚು ಮಂದಿ ಸರಿಯಾಗಿ ಹೇಳಿದರೆ ಮಾತು ಬೇರೆ. ಊಹೆಯಿಂದ ಹಾಗಾಗುವ ಸಂಭವ ನೂರಕ್ಕೆ ಸುಮಾರು 2 ಮಾತ್ರ. ಕಾಫಿ, ತುಪ್ಪ, ಬೆಲ್ಲಗಳನ್ನು ಹೋಲಿಸುವುದಕ್ಕೂ ಇದೇ ಕ್ರಮ ಸಲ್ಲುವುದು. ವಾಚಕರು ತಮ್ಮ ಮನೆಯಲ್ಲಿಯೇ ಇದನ್ನು ಮಾಡಿ ನೋಡಬಹುದು.

ತಣ್ಣನೆಯ ರಾತ್ರಿಗಳು

ಈ ಮೂರು ಬಟ್ಟಲುಗಳಿಗೂ ಆಧಾರವಾದ ಒಂದು ಸಾಮಗ್ರಿ ಕಾರ್ಖಾನೆಯ ಉಗ್ರಾಣದಲ್ಲಿ ಇಲ್ಲ. ಅದು ಚಳಿಗಾಲದ ರಾತ್ರಿ. ಹರಿವಾಣದ ಕಷಾಯ ಒಂದೇ ರಾತ್ರಿಯಲ್ಲಿ ಸರಿಯಾಗಿ ತಣಿಯಬೇಕಾದರೆ ಹೊರಗಿನ ಹವೆ ಸೊನ್ನೆಗಿಂತ 3 ಡಿಗ್ರಿ ಕೆಳಗಿನಿಂದ 8 ಡಿಗ್ರಿಯವರೆಗೆ ಇದ್ದರೆ ಉತ್ತಮವೆಂದು ಈಗಿನ ಯಜಮಾನ ಜಾನ್ ವಾನ್ ರಾಯ್ ಅವರ ಅಭಿಪ್ರಾಯ. ರಾತ್ರಿ ಬೆಚ್ಚಗಿದ್ದರೆ ಕಷಾಯ ನಿಧಾನವಾಗಿ ತಣಿಯುವುದು; ಬೇಡದ ಬ್ಯಾಕ್ಟೀರಿಯಗಳು ಮೊದಲೇ ಬಲಿತು ಅದನ್ನು ಕೆಡಿಸುವುವು. ಆದುದರಿಂದ ಕಷಾಯವನ್ನು ಕುದಿಸುವುದು ಚಳಿಯ ತಿಂಗಳುಗಳಲ್ಲಿ ಮಾತ್ರ.

ಅಜ್ಜನ ಕಾಲದಲ್ಲಿ ಅಕ್ಟೋಬರ್ ನಡುವಿನಿಂದ ಮೇ ತಿಂಗಳವರೆಗೂ ನಡೆಯುತ್ತಿದ್ದ ಈ ಕೆಲಸವನ್ನು ಅಷ್ಟು ದೀರ್ಘಕಾಲ ನಡೆಸಲು ತಮಗೆ ಎಂದೂ ಸಾಧ್ಯವಾಗಿಲ್ಲವೆಂದು ವಾನ್ ರಾಯ್ ಹೇಳಿದ್ದಾರೆ. 2015ರ ನವೆಂಬರಿನಲ್ಲಂತೂ ರಾತ್ರಿಗಳು ತೀರ ಬೆಚ್ಚಗಾದುದರಿಂದ ತಯಾರಿಕೆಯನ್ನು ನಡುವೆಯೇ ನಿಲ್ಲಿಸಬೇಕಾಯಿತು. ಮರುವರ್ಷ, ಅಂದರೆ 2016ರಲ್ಲಿ, ಯುನೆಸ್ಕೊ ಸಂಸ್ಥೆಯು ಬೆಲ್ಜಿಯಂನ ಬಿಯರ್ ಸಂಸ್ಕೃತಿಯನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಪಟ್ಟಿಗೆ ಸೇರಿಸುವುದರಿಂದ ಹವೆ ತಣ್ಣಗಾಗುವುದಿಲ್ಲವಷ್ಟೆ.

ಯಂತ್ರದಿಂದ ತಣಿಸಬಾರದೆ ಎಂದು ಕೇಳಬಹುದು. ಯಂತ್ರವು ಕಷಾಯವನ್ನು ತಣಿಸಬಲ್ಲದು, ಊರಿನ ಗಾಳಿಯನ್ನಲ್ಲ. ಇಲ್ಲಿ ಗಾಳಿ ಎರಡು ಕೆಲಸಗಳನ್ನು ಒಟ್ಟಿಗೆ ಮಾಡುವುದು: ತಣಿಸುವುದೂ ಅದೇ, ಹುದುಗನ್ನು ತರುವುದೂ ಅದೇ. ಭೂಮಿಯ ಹವೆ ಒಂದೆರಡು ಡಿಗ್ರಿ ಏರಿದರೆ ಏನಾದೀತೆಂದು ಕೇಳುವವರಿಗೆ ಈ ಅಟ್ಟವೊಂದು ಉತ್ತರ. ಧಾನ್ಯ ಸಿದ್ಧವಿರಬಹುದು, ನಾಲ್ಕು ತಲೆಮಾರುಗಳ ಕೌಶಲವೂ ಇರಬಹುದು. ರಾತ್ರಿ ತಣ್ಣಗಿಲ್ಲದಿದ್ದರೆ ಅಂದು ಅಲ್ಲಿ ಒಲೆ ಹೊತ್ತಿಸುವಂತಿಲ್ಲ.