ಒಡವೆ ಕೊಳ್ಳುವಾಗ ಇನ್ನೆರಡು ಪ್ರಶ್ನೆ ಕೇಳಿ

ಆಷಾಢ ಕಳೆದು ಶ್ರಾವಣ ಕಾಲಿಟ್ಟಿತೆಂದರೆ ಶೆಟ್ಟಿಹಳ್ಳಿಯ ಹೆಣ್ಣುಮಕ್ಕಳಿಗೆ ತುಮಕೂರು ಪೇಟೆಯಲ್ಲಿ ಕೆಲಸ ಬೀಳುತ್ತದೆ. ವರಮಹಾಲಕ್ಷ್ಮಿ ಹಬ್ಬಕ್ಕೆ ಒಂದು ಲಕ್ಷ್ಮೀ ಕಾಸು, ಮಗಳ ಮದುವೆಗೆ ಒಂದೆಳೆ ಸರ, ಮೊಮ್ಮಗುವಿನ ಕಿವಿ ಚುಚ್ಚಿಸಲು ಒಂದು ಜೊತೆ ಓಲೆ, ಹೀಗೆ ಏನಾದರೊಂದು ಇದ್ದೇ ಇರುತ್ತದೆ. ಗುಬ್ಬಿ, ಕುಣಿಗಲ್ ಕಡೆಯಿಂದ ತೆಂಗು, ಅಡಿಕೆ ಮಾರಿದ ದುಡ್ಡು ತಂದವರೂ ಸೇರಿಕೊಂಡರೆ ಒಡವೆ ಅಂಗಡಿಯಲ್ಲಿ ಕೂರಲು ಜಾಗ ಸಿಕ್ಕುವುದೂ ಕಷ್ಟ. ಅಲ್ಲಿ ಕೇಳಿಬರುವ ಪ್ರಶ್ನೆಗಳು ಎರಡೇ: "ಇವತ್ತು ಗ್ರಾಂ ಏನ್ ರೇಟು?" "ವೇಸ್ಟೇಜು ಎಷ್ಟು ಹಾಕ್ತೀರಿ?"

ಇವೆರಡೂ ಕೇಳಲೇಬೇಕಾದ ಪ್ರಶ್ನೆಗಳು. ಹೊಟ್ಟೆ ಬಟ್ಟೆ ಕಟ್ಟಿ ಕೂಡಿಟ್ಟ ದುಡ್ಡಲ್ಲವೇ! ಆದರೆ ಇನ್ನೆರಡನ್ನು ಯಾರೂ ಕೇಳುವುದಿಲ್ಲ. ಈ ಚಿನ್ನ ಎಲ್ಲಿಂದ ಬಂತು? ಇದನ್ನು ತೆಗೆದವರ, ಮಾಡಿದವರ ಮೈ ನೆಟ್ಟಗಿದೆಯೇ? ಒಡವೆ ಎಂದರೆ ಮಂಗಳ ಎನ್ನುತ್ತೇವೆ. ಯಾರದೋ ಉಸಿರು ಕಟ್ಟಿಸಿ, ಯಾವುದೋ ಊರಿನ ನೀರು ಕೆಡಿಸಿ ಬಂದದ್ದು ನಮ್ಮ ಕೊರಳಿಗೆ ಮಂಗಳವಾದೀತೇ, ನೀವೇ ಹೇಳಿ.

ಕೋಲಾರ ಹೇಳುವ ಪಾಠ

ದೂರ ಹೋಗುವುದು ಬೇಡ, ನಮ್ಮ ಕೋಲಾರದ ಚಿನ್ನದ ಗಣಿಯನ್ನೇ ನೋಡಿ. 1880ರಲ್ಲಿ ಜಾನ್ ಟೇಲರ್ ಕಂಪನಿ ಅಲ್ಲಿ ಕೆಲಸ ಹಿಡಿಯಿತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚುವ ಹೊತ್ತಿಗೆ 800 ಟನ್ನಿಗೂ ಹೆಚ್ಚು ಚಿನ್ನ ಹೊರಬಂದಿತ್ತು. ಅದಕ್ಕಾಗಿ ಜನ 3 ಕಿಲೋಮೀಟರಿಗೂ ಆಳಕ್ಕೆ ಇಳಿದರು. ಬಂಡೆ ಸಿಡಿದು ಸತ್ತವರುಂಟು. ಕಲ್ಲಿನ ಧೂಳು ಕುಡಿದು ಶ್ವಾಸಕೋಶ ಕಳೆದುಕೊಂಡವರುಂಟು. ಅದಿರನ್ನು ಪುಡಿ ಮಾಡಿ ಸಯನೈಡ್‌ನಲ್ಲಿ ಚಿನ್ನ ತೆಗೆದ ಮೇಲೆ ಉಳಿದ ಮಣ್ಣು ಗುಡ್ಡ ಗುಡ್ಡವಾಗಿ ಬಿದ್ದಿದೆ. ಗಾಳಿ ಬೀಸಿದರೆ ಆ ಧೂಳು ಇಂದಿಗೂ ಮನೆಮನೆಗೆ ಬರುತ್ತದೆ. ಚಿನ್ನ ಹೋಯಿತು, ಧೂಳು ಉಳಿಯಿತು!

ಒಂದು ಸಣ್ಣ ಲೆಕ್ಕ ಹಾಕೋಣ. ಕೊನೆಕೊನೆಗೆ ಕೋಲಾರದ ಒಂದು ಟನ್ ಅದಿರಿನಲ್ಲಿ ಸಿಗುತ್ತಿದ್ದುದು ಸುಮಾರು 3 ಗ್ರಾಂ ಚಿನ್ನ. 22 ಕ್ಯಾರೆಟ್ಟಿನ 10 ಗ್ರಾಂ ಸರದಲ್ಲಿ ಅಪ್ಪಟ ಚಿನ್ನ 9.16 ಗ್ರಾಂ. ಅಂದರೆ ಒಂದು ಸರಕ್ಕೆ 3 ಟನ್ ಬಂಡೆ ಒಡೆಯಬೇಕು. ಇಂದು ನಮ್ಮ ರಾಜ್ಯದಲ್ಲಿ ಚಿನ್ನ ಕೊಡುತ್ತಿರುವುದು ಮುಖ್ಯವಾಗಿ ರಾಯಚೂರು ಜಿಲ್ಲೆಯ ಹಟ್ಟಿ. ನಮ್ಮ ತುಮಕೂರು ಜಿಲ್ಲೆಯ ಅಜ್ಜನಹಳ್ಳಿಯಲ್ಲೂ ಆ ಕಂಪನಿ ಅದಿರು ತೆಗೆದದ್ದುಂಟು. ಆದರೆ ದೇಶದ ಬೇಡಿಕೆಗೆ ಇದು ಸಮುದ್ರಕ್ಕೆ ಒಂದು ಬೊಗಸೆ ನೀರು. ವರ್ಷಕ್ಕೆ ಹೆಚ್ಚುಕಡಿಮೆ 700ರಿಂದ 800 ಟನ್ ಚಿನ್ನ ಹೊರದೇಶಗಳಿಂದ ಬರುತ್ತದೆ.

ಹೊರದೇಶಗಳ ಕಥೆಯೂ ಸುಖದ್ದಲ್ಲ. ಆಫ್ರಿಕಾ, ದಕ್ಷಿಣ ಅಮೆರಿಕಗಳಲ್ಲಿ ಬಡವರು ಸಣ್ಣ ಗುಂಡಿ ತೋಡಿ, ಪಾದರಸ ಬೆರೆಸಿ ಚಿನ್ನ ತೆಗೆಯುತ್ತಾರೆ. ಆಮೇಲೆ ಪಾದರಸವನ್ನು ಕಾಯಿಸಿ ಆರಿಸುತ್ತಾರೆ. ಎಷ್ಟೋ ಕಡೆ ಈ ಕೆಲಸ ಹೆಂಗಸರದು, ಅದೂ ಅಡಿಗೆ ಮಾಡುವ ಒಲೆಯ ಮೇಲೇ! ಆ ಹೊಗೆ ನರಗಳನ್ನು ಕೆಡಿಸುತ್ತದೆ, ಹೊಟ್ಟೆಯಲ್ಲಿರುವ ಕೂಸನ್ನೂ ಬಿಡುವುದಿಲ್ಲ. ಪಾದರಸ ತಗ್ಗಿಸಲೆಂದೇ ಆದ ಮಿನಾಮಾಟಾ ಒಪ್ಪಂದ 2017ರಲ್ಲಿ ಜಾರಿಗೆ ಬಂತು, ನಮ್ಮ ದೇಶ 2018ರಲ್ಲಿ ಅದನ್ನು ಸ್ಥಿರೀಕರಿಸಿತು. ಆದರೂ ಪಿಡುಗು ಇನ್ನೂ ತೊಲಗಿಲ್ಲ.

"ಕೆಡಿಎಂ ಕಣಮ್ಮಾ!"

ಇನ್ನು ಒಡವೆ ಮಾಡುವವರ ಮಾತು. "ಇದು ಕೆಡಿಎಂ ಕಣಮ್ಮಾ, ಅಪ್ಪಟ" ಎಂದು ಹೆಮ್ಮೆಯಿಂದ ತೋರಿಸುವವರು ಈಗಲೂ ಸಿಗುತ್ತಾರೆ. ಕೆಡಿಎಂ ಎಂದರೆ ಕ್ಯಾಡ್ಮಿಯಂ ಬೆರೆಸಿದ ಬೆಸುಗೆ. ಮುಂಚಿನ ಬೆಸುಗೆಯಲ್ಲಿ ತಾಮ್ರ, ಬೆಳ್ಳಿ ಸೇರಿ ಚಿನ್ನದ ಮಟ್ಟ ಇಳಿಯುತ್ತಿತ್ತು. ಕ್ಯಾಡ್ಮಿಯಂ ಕಾಯಿಸಿದಾಗ ಆವಿಯಾಗಿ ಹೋಗುವುದರಿಂದ ಮಟ್ಟ ಉಳಿಯುತ್ತಿತ್ತು. ಆದರೆ ಆ ಆವಿ ಹೋಗುವುದೆಲ್ಲಿಗೆ? ಊದುಕೊಳವೆ ಹಿಡಿದು ಕೂತ ಅಕ್ಕಸಾಲಿಗನ ಎದೆಗೆ! ಶ್ವಾಸಕೋಶ, ಮೂತ್ರಪಿಂಡ ಎರಡನ್ನೂ ಅದು ತಿನ್ನುತ್ತದೆ. ಹಾಗಾಗಿಯೇ ಹಾಲ್‌ಮಾರ್ಕ್ ಒಡವೆಯಲ್ಲಿ ಕ್ಯಾಡ್ಮಿಯಂ ಬಳಸುವಂತಿಲ್ಲ. "ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ" ಎಂದು ಗಾದೆ ಕಟ್ಟಿ ನಗುತ್ತೇವೆ. ನಮಗಾಗಿ ಆತ ಕಳೆದುಕೊಂಡದ್ದನ್ನು ಯಾವ ಗಾದೆಯೂ ಹೇಳುವುದಿಲ್ಲ. ಕೆಡಿಎಂ ಎಂದು ಯಾರಾದರೂ ಹೊಗಳಿದರೆ "ನಮಗೆ ಅದು ಬೇಡಿ, ಹಾಲ್‌ಮಾರ್ಕಿಂದು ತೋರ್ಸಿ" ಎಂದುಬಿಡಿ.

ಹಾಲ್‌ಮಾರ್ಕ್ ಏನು ಹೇಳುತ್ತದೆ?

ಚಿನ್ನದ ಒಡವೆಗೆ ಹಾಲ್‌ಮಾರ್ಕ್ 2021ರ ಜೂನ್ 16ರಿಂದ ಹಂತ ಹಂತವಾಗಿ ಕಡ್ಡಾಯವಾಗಿದೆ. ಒಡವೆಯ ಮೇಲೆ ಮೂರು ಗುರುತು ನೋಡಿ: ಭಾರತೀಯ ಮಾನಕ ಬ್ಯೂರೋದ ತ್ರಿಕೋನ ಚಿಹ್ನೆ, ಮಟ್ಟ (22 ಕ್ಯಾರೆಟ್ಟಿಗೆ 916, 18ಕ್ಕೆ 750), ಮತ್ತು ಅಕ್ಷರ, ಅಂಕಿ ಸೇರಿದ ಆರು ಸ್ಥಾನದ ಎಚ್‌ಯುಐಡಿ. ಈ ಮೂರನೆಯದನ್ನು ಮೊಬೈಲಿನ 'ಬಿಐಎಸ್ ಕೇರ್' ಆ್ಯಪಿನಲ್ಲಿ ಹಾಕಿದರೆ ಅದು ಯಾವ ಒಡವೆ, ಯಾವ ಮಟ್ಟ, ಎಲ್ಲಿ ಪರೀಕ್ಷೆಯಾಯಿತು ಎಲ್ಲ ತಿಳಿಯುತ್ತದೆ. ಬಳೆಯ ಸಂಖ್ಯೆ ಹಾಕಿದಾಗ ಉಂಗುರ ಎಂದು ಬಂದರೆ ಅಂಗಡಿಯಿಂದ ಎದ್ದು ಬನ್ನಿ! 2 ಗ್ರಾಮಿಗಿಂತ ಕಡಿಮೆ ತೂಕದ ಒಡವೆಗೆ ವಿನಾಯಿತಿಯಿದೆ, ಮೂಗುಬಟ್ಟು ಕೊಳ್ಳುವಾಗ ನೆನಪಿರಲಿ. ಹಾಲ್‌ಮಾರ್ಕ್ ಇದ್ದೂ ಮಟ್ಟ ಕಡಿಮೆ ಬಂದರೆ, ಕಡಿಮೆಯಾದಷ್ಟರ ಬೆಲೆಯ ಎರಡರಷ್ಟು ಪರಿಹಾರವೂ ಪರೀಕ್ಷೆಯ ಖರ್ಚೂ ನಿಮಗೆ ಸಲ್ಲಬೇಕು. ಬಿಲ್ ಇಲ್ಲದಿದ್ದರೆ ಕೇಳುವುದು ಹೇಗೆ? ಆದ್ದರಿಂದ "ಬಿಲ್ ಬೇಡಾಂದ್ರೆ ಟ್ಯಾಕ್ಸ್ ಉಳಿಯುತ್ತೆ" ಎಂಬ ಮಾತಿಗೆ ಮರುಳಾಗಬೇಡಿ.

ಆದರೆ ಒಂದು ಮಾತು. ಹಾಲ್‌ಮಾರ್ಕ್ ಸಾಕ್ಷಿ ಹೇಳುವುದು ಚಿನ್ನದ ಶುದ್ಧಿಗೆ. ಅದು ಬಂದ ದಾರಿಯ ಶುದ್ಧಿಗೆ ಅದರಲ್ಲಿ ಸಾಕ್ಷಿಯಿಲ್ಲ. ಗಣಿ ಕೆಲಸದವರಿಗೆ ನ್ಯಾಯದ ಬೆಲೆ ಸಿಕ್ಕಿದೆಯೆಂದು ಹೇಳುವ 'ಫೇರ್‌ಟ್ರೇಡ್' ಗುರುತಿನ ಚಿನ್ನ 2011ರಲ್ಲೇ ಇಂಗ್ಲೆಂಡಿನ ಅಂಗಡಿಗಳಿಗೆ ಬಂತು. ನಮ್ಮ ಪೇಟೆಯಲ್ಲಿ ಅದನ್ನು ಹುಡುಕುವುದು ಕಷ್ಟ. ಹಾಗಾದರೆ ದಾರಿಯೇ ಇಲ್ಲವೇ? ಇದೆ, ಅದು ನಿಮ್ಮ ಬೀರುವಿನಲ್ಲೇ ಇದೆ!

ಬೀರುವಿನೊಳಗಿನ ಗಣಿ

ಭಾರತದ ಮನೆಗಳಲ್ಲಿ ಸುಮಾರು 25,000 ಟನ್ ಚಿನ್ನವಿದೆ ಎಂಬುದು ಬಲ್ಲವರ ಅಂದಾಜು. ಎಂದರೆ ಮೂವತ್ತು ವರ್ಷದ ಆಮದಿನಷ್ಟು! ತುಂಡಾದ ಸರ, ಒಂಟಿ ಓಲೆ, ಯಾರೂ ಹಾಕದ ವಂಕಿ, ಇವೆಲ್ಲ ಬಂಡೆ ಒಡೆಯದೆ, ಪಾದರಸ ಸುಡದೆ ಸಿಗುವ ಚಿನ್ನ. ಹಳೆಯದನ್ನು ಹೊಸದು ಮಾಡಿಸುವಾಗ ಇಷ್ಟು ಗಮನದಲ್ಲಿರಲಿ:

• ಮನೆಯಲ್ಲೇ ಫೋಟೋ ತೆಗೆದು, ಹೊರಡುವ ಮುಂಚೆ ಬೇರೆ ಕಡೆ ತೂಕ ಮಾಡಿಸಿ ಬರೆದುಕೊಳ್ಳಿ.

• ಕಲ್ಲು, ಮುತ್ತು, ಒಳಗಿನ ಅರಗು ಎಲ್ಲವನ್ನೂ ತೂಕದಲ್ಲಿ ಕಳೆಯುತ್ತಾರೆ. ಅದು ಸರಿಯೇ. ಆದರೆ ಕಲ್ಲು, ಮುತ್ತು ನಿಮ್ಮವು, ವಾಪಸ್ ಕೇಳಿ.

• ಕರಗಿಸುವ ಮೊದಲು ಮಟ್ಟ ತಿಳಿಯಿರಿ. ಹಾಲ್‌ಮಾರ್ಕ್ ಕೇಂದ್ರಗಳಲ್ಲಿ ಸಾರ್ವಜನಿಕರ ಒಡವೆಯನ್ನೂ ಪರೀಕ್ಷಿಸಬೇಕು. ನಾಲ್ಕು ಒಡವೆಯವರೆಗೆ 200 ರೂಪಾಯಿ ಎಂದು 2022ರಲ್ಲಿ ನಿಗದಿಯಾಯಿತು, ತೆರಿಗೆ ಬೇರೆ.

• ಕರಗಿಸುವುದಾದರೆ ನಿಮ್ಮ ಕಣ್ಣೆದುರಿಗೇ ಆಗಲಿ. ಗಟ್ಟಿಯ ತೂಕ, ಮಟ್ಟ ಎರಡನ್ನೂ ಚೀಟಿಯಲ್ಲಿ ಬರೆಸಿಕೊಳ್ಳಿ.

• ಎಲ್ಲವನ್ನೂ ಕರಗಿಸಬೇಡಿ. ಅಜ್ಜಿಯ ಕಾಸಿನ ಸರದ ಕೆಲಸ ಇನ್ನೊಮ್ಮೆ ಹುಟ್ಟುವುದಿಲ್ಲ. ಹೊಸದಾಗಿ ಪೋಣಿಸಿ, ಕೊಂಡಿ ಬೆಸೆಸಿದರೆ ಸಾಕು. ಈ ಕೆಲಸ ಊರಿನ ಆಚಾರರಿಗೆ ಕೊಡಿ. ಕೈಗೆ ಕೂಲಿ ಸಿಗುತ್ತದೆ, ಕಲೆ ಉಳಿಯುತ್ತದೆ.

• ಬಾಗಿಲಿಗೆ ಬಂದು ಪಾಲಿಶ್ ಮಾಡುತ್ತೇವೆ ಎನ್ನುವವರ ಕೈಗೆ ಒಡವೆ ಕೊಡಬೇಡಿ. ಆಸಿಡ್ಡಿನಲ್ಲಿ ಅದ್ದಿ ಚಿನ್ನ ಕರಗಿಸಿಕೊಂಡು ಹೋಗುವವರಿದ್ದಾರೆ.

ಹುಲಿ ಉಗುರು ಬೇಡವೇ ಬೇಡ

ಬೀರು ತೆರೆದಾಗ ಇನ್ನೊಂದನ್ನು ನೋಡಿ. ಮಗುವಿಗೆ ದೃಷ್ಟಿಯಾಗದಿರಲೆಂದು ಹುಲಿ ಉಗುರನ್ನು ಚಿನ್ನದಲ್ಲಿ ಕಟ್ಟಿಸುವ ರೂಢಿ ಹಿಂದೆ ಇತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದನ್ನು ಮಾರುವುದು, ಕೊಳ್ಳುವುದಷ್ಟೇ ಅಲ್ಲ, ಒಡೆತನದ ಪ್ರಮಾಣಪತ್ರವಿಲ್ಲದೆ ಇಟ್ಟುಕೊಳ್ಳುವುದೂ ಅಪರಾಧ. 2023ರ ಅಕ್ಟೋಬರಿನಲ್ಲಿ ಟಿ.ವಿ. ಕಾರ್ಯಕ್ರಮವೊಂದರಲ್ಲಿ ಹುಲಿ ಉಗುರಿನ ಪದಕ ಹಾಕಿದ್ದ ಸ್ಪರ್ಧಿಯನ್ನು ಬೆಂಗಳೂರಿನಲ್ಲಿ ಬಂಧಿಸಿದ ಸುದ್ದಿ ನೆನಪಿರಬಹುದು. ಆನೆಯ ದಂತದ ಬಳೆಗೂ ಇದೇ ಮಾತು. ತಾಯಿಯ ಹರಕೆಗೆ ಇನ್ನೊಂದು ಜೀವ ಏಕೆ ಬಲಿ? ದಿನಬಳಕೆಗೆ, ಮಕ್ಕಳ ಕೈಗೆ ಚನ್ನಪಟ್ಟಣದ ಮರದ ಬಳೆ ಎಷ್ಟು ಚೆನ್ನ! ಆಲೆ ಮರಕ್ಕೆ ಅರಗಿನ ಬಣ್ಣ ಹಚ್ಚಿ ಮಾಡಿದ್ದು. ಕಳೆದುಹೋದರೂ ನಿದ್ದೆ ಕೆಡುವುದಿಲ್ಲ.

ಹಾಕಿಕೊಳ್ಳುವವಳಿಗೂ ನ್ಯಾಯ

ಕಡೆಯದಾಗಿ, ಒಡವೆ ಹಾಕಿಕೊಳ್ಳುವ ಹೆಣ್ಣಿನ ಮಾತು. ಬಡ್ಡಿಗೆ ಸಾಲ ತಂದು "ಗಂಡಿನ ಕಡೆಯವರು ಕೇಳಿದ್ದಾರೆ" ಎಂದು ಚಿನ್ನ ಕೊಂಡರೆ ಎಂಥ ಹಾಲ್‌ಮಾರ್ಕ್ ಇದ್ದರೂ ಅದು ಶುದ್ಧವಲ್ಲ. ವರದಕ್ಷಿಣೆ ಕೇಳುವುದೂ ಕೊಡುವುದೂ 1961ರ ಕಾಯ್ದೆಯಂತೆ ಅಪರಾಧ. ಮಗಳಿಗೆ ಪ್ರೀತಿಯಿಂದ ಕೊಟ್ಟದ್ದು ಸ್ತ್ರೀಧನ, ಅದು ಅವಳದೇ ಸ್ವತ್ತು. ಗಂಡನಿಗೆ ಅದರ ಮೇಲೆ ಹಕ್ಕಿಲ್ಲ, ಕಷ್ಟಕ್ಕೆ ಬಳಸಿಕೊಂಡರೂ ಹಿಂದಿರುಗಿಸಬೇಕು ಎಂದು ಸುಪ್ರೀಂ ಕೋರ್ಟ್ 2024ರ ಏಪ್ರಿಲ್‌ನಲ್ಲಿ ಮತ್ತೊಮ್ಮೆ ಹೇಳಿದೆ. ಆದ್ದರಿಂದ ಬಿಲ್ಲನ್ನು ಮಗಳ ಹೆಸರಿನಲ್ಲೇ ಮಾಡಿಸಿ.

ಮನೆಯ ಪ್ರತಿಯೊಂದು ಒಡವೆಯ ಜೊತೆ ಒಂದು ಸಣ್ಣ ಚೀಟಿ ಇಡುವ ಅಭ್ಯಾಸ ಮಾಡಿಕೊಳ್ಳಿ. ಯಾರು ಕೊಟ್ಟದ್ದು, ಎಷ್ಟು ಗ್ರಾಂ, ಯಾವಾಗ ಮಾಡಿಸಿದ್ದು, ಯಾವ ಹಳೆಯ ಸರ ಕರಗಿ ಈ ಬಳೆಯಾಯಿತು, ಎಲ್ಲ ಬರೆಯಿರಿ. ಬರೆಯಲು ನಾಚಿಕೆಪಡಬೇಕಾದಂಥದ್ದು ಏನೂ ಇಲ್ಲದ ಒಡವೆ, ತೂಕ ಎಷ್ಟೇ ಇರಲಿ, ಮನೆಗೆ ಶೋಭೆ.